ಕರಿಗಲ್ಲಿನ ಗೋಡೆಗೆ ಮೊದಲು ಬೆಳಕಿನ ಲೆಕ್ಕ

ಇತ್ತೀಚೆಗೆ ಗೃಹಪ್ರವೇಶವಾದ ಮನೆಗಳ ಹಾಲ್‌ನಲ್ಲಿ ಒಂದು ಗೋಡೆಯಾದರೂ ಕಪ್ಪಗೆ, ಒರಟಾಗಿ, ಬಂಡೆಯಿಂದ ಸೀಳಿ ತಂದು ನಿಲ್ಲಿಸಿದ ಹಾಗೆ ಕಾಣುತ್ತದೆ. ಟಿ.ವಿ. ಹಿಂದೆ, ಸೋಫಾ ಹಿಂದೆ, ಮಹಡಿ ಮೆಟ್ಟಿಲ ಪಕ್ಕ, ಕೆಲವು ಕಡೆ ಮಲಗುವ ಕೋಣೆಯಲ್ಲಿ ಮಂಚದ ತಲೆದೆಸೆಗೂ ಇದೇ ಅಲಂಕಾರ. ಹತ್ತಿರ ಹೋಗಿ ಬೆರಳಿನಿಂದ ತಟ್ಟಿದರೆ ಎಷ್ಟೋ ಸಲ ಟೊಳ್ಳು ಸದ್ದು ಬರುತ್ತದೆ. ಕಲ್ಲಿನ ಚಿತ್ರ ಅಚ್ಚಾದ ಪಿವಿಸಿ ಶೀಟು, ಪಾಲಿಯುರೆಥೇನ್‌ನಲ್ಲಿ ಅಚ್ಚು ಹೊಯ್ದ ಪ್ಯಾನೆಲ್ಲು, ಡಿಜಿಟಲ್ ಪ್ರಿಂಟಿನ ಟೈಲ್ಸ್, ಟೆಕ್ಸ್‌ಚರ್ ಪೇಂಟು, ಮೈಕ್ರೊಸಿಮೆಂಟಿನ ಲೇಪ, ಇವುಗಳಲ್ಲಿ ಯಾವುದೋ ಒಂದು ಕಲ್ಲಿನ ವೇಷ ತೊಟ್ಟಿರುತ್ತದೆ. ಇದರ ಬಗ್ಗೆ ಮನೆಮಂದಿ ನಡೆಸುವ ಚರ್ಚೆ ಹೆಚ್ಚಾಗಿ ಎರಡು ಪ್ರಶ್ನೆಗಳಲ್ಲಿ ಮುಗಿಯುತ್ತದೆ: ಖರ್ಚೆಷ್ಟು, ನೋಡಲು ಚೆನ್ನಾಗಿದೆಯೇ? ಆ ಕೋಣೆಗೆ ಬರುವ ಬೆಳಕಿನಲ್ಲಿ ಈ ಗೋಡೆ ಎಷ್ಟನ್ನು ನುಂಗುತ್ತದೆ ಎಂದು ಕೇಳುವವರು ಕಡಿಮೆ. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂಬುದು ಈ ಲೇಖನದ ವಾದ. ಮನೆಯ ಒಳಗೋಡೆ ಬೆಳಕು ಹಂಚುವ ಸಾಧನವೂ ಹೌದು. ಆ ಲೆಕ್ಕ ಹಾಕದೆ ಅದಕ್ಕೆ ಕರಿಗಲ್ಲಿನ ರೂಪ ಕೊಡುವುದು ನಮ್ಮ ಊರುಗಳ ಇಕ್ಕಟ್ಟು ಮನೆಗಳಿಗೆ ಒಗ್ಗುವಂಥದ್ದಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಈ ಗೋಡೆಗಳು ನಕಲಿ ಎಂಬ ಕಾರಣಕ್ಕೆ ಅವನ್ನು ಬೈಯುವವರಿದ್ದಾರೆ. ಆ ಆಕ್ಷೇಪಣೆಯಲ್ಲಿ ಹುರುಳು ಕಡಿಮೆ. ಒಂದು ವಸ್ತುವಿನ ರೂಪವನ್ನು ಇನ್ನೊಂದರಲ್ಲಿ ತರುವುದು ನಮ್ಮ ಕಟ್ಟಡ ಪರಂಪರೆಗೆ ಹೊಸತೇನಲ್ಲ. ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ರಥ ಮರದ ತೇರಿನ ನಕಲು. ಹೊಯ್ಸಳರ ಕಂಬಗಳು ಚರಕಿಯಲ್ಲಿ ತಿರುಗಿಸಿ ತೆಗೆದ ಮರದ ಕಂಬಗಳ ಹಾಗೆ ಹೊಳೆಯುತ್ತವೆ. ಅವುಗಳನ್ನು ಯಾರೂ ಮೋಸ ಎನ್ನುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಅಸಲಿ ಕಲ್ಲನ್ನೇ ಗೋಡೆಗೆ ಹೊದಿಸಬೇಕೆಂದರೆ ಅದರ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ಸೆಂಟಿಮೀಟರ್ ದಪ್ಪದ ಗ್ರಾನೈಟ್ ಚದರ ಅಡಿಗೆ ಸುಮಾರು 5 ಕಿಲೊ ತೂಗುತ್ತದೆ. ಹನ್ನೆರಡಡಿ ಅಗಲ, ಹತ್ತಡಿ ಎತ್ತರದ ಗೋಡೆಗೆ ಹೊದಿಸಿದರೆ 600 ಕಿಲೊ. ಅಪಾರ್ಟ್‌ಮೆಂಟಿನ ಐದನೇ ಮಹಡಿಯ ನಾಲ್ಕಂಗುಲದ ಗೋಡೆಗೆ ಅಷ್ಟು ಭಾರ ನೇತುಹಾಕುವ ಬದಲು ಹಗುರ ವಸ್ತುವಿನಲ್ಲಿ ಅದೇ ನೋಟ ಪಡೆಯುವುದು ಬುದ್ಧಿವಂತಿಕೆಯೇ. ಹಾಗಾಗಿ ಅಸಲಿಯೋ ನಕಲಿಯೋ ಎಂಬ ಜಗಳವನ್ನು ಬದಿಗಿಡೋಣ. ನಿಜವಾದ ಕರಿಗಲ್ಲನ್ನು ಹೊದಿಸಿದರೂ ಇಲ್ಲಿ ಎತ್ತುವ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಗೆ ಅಂಕಿಗಳಲ್ಲೇ ಉತ್ತರ ಹುಡುಕಬಹುದು. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ಕೋಣೆಗೆ ಹಿಂದಿರುಗಿಸುತ್ತದೆ. ಇದ್ದಲು ಬಣ್ಣದ ಗೋಡೆ ಹಿಂದಿರುಗಿಸುವುದು ಹತ್ತರ ಆಸುಪಾಸು. ಒರಟು ಮೇಲ್ಮೈಯ ಸಂದುಗಳಲ್ಲಿ ಇನ್ನಷ್ಟು ಕಡಿಮೆ. ಕೋಣೆಯೊಳಗೆ ಬಂದ ಬೆಳಕು ಒಂದೇ ಸಲ ಬಿದ್ದು ಮುಗಿಯುವುದಿಲ್ಲ. ಗೋಡೆಯಿಂದ ಛಾವಣಿಗೆ, ಛಾವಣಿಯಿಂದ ನೆಲಕ್ಕೆ, ಅಲ್ಲಿಂದ ಮತ್ತೆ ಗೋಡೆಗೆ ಪುಟಿಯುತ್ತ ಹೋಗುತ್ತದೆ. ಹತ್ತಡಿ–ಹನ್ನೆರಡಡಿಯ, ಹತ್ತಡಿ ಎತ್ತರದ ಒಂದು ಕೋಣೆಯನ್ನು ತೆಗೆದುಕೊಳ್ಳಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ, ನೆಲ ಮತ್ತು ಛಾವಣಿ 240, ಒಟ್ಟು 680. ತಿಳಿಬಣ್ಣದ ಗೋಡೆಗಳು ನೂರಕ್ಕೆ 75ರಷ್ಟು, ಬಿಳಿ ಛಾವಣಿ 80ರಷ್ಟು, ನೆಲ 30ರಷ್ಟು ಬೆಳಕನ್ನು ಹಿಂದಿರುಗಿಸುತ್ತವೆ ಎಂದಿಟ್ಟುಕೊಂಡರೆ ಇಡೀ ಕೋಣೆಯ ಸರಾಸರಿ 68. ಬೆಳಕಿನ ಎಂಜಿನಿಯರುಗಳ ಹಳೆಯ ಸೂತ್ರದ ಪ್ರಕಾರ, ಹೀಗೆ ಪುಟಿಪುಟಿದು ಆ ಬೆಳಕು ಮೂರು ಪಟ್ಟಿಗಿಂತ ತುಸು ಹೆಚ್ಚಾಗಿ ಕೆಲಸಕ್ಕೆ ಬರುತ್ತದೆ. ಈಗ 120 ಚದರ ಅಡಿಯ ಒಂದೇ ಒಂದು ಗೋಡೆಯನ್ನು ಕಪ್ಪಾಗಿಸಿ. ಸರಾಸರಿ 57ರ ಹತ್ತಿರಕ್ಕೆ ಇಳಿಯುತ್ತದೆ, ಬೆಳಕಿನ ದುಡಿಮೆ 2.3 ಪಟ್ಟಿಗೆ ಕುಸಿಯುತ್ತದೆ. ಅಂದರೆ ಅದೇ ಕಿಟಕಿ, ಅದೇ ಸೂರ್ಯ, ಆದರೆ ಕೋಣೆಯ ಬೆಳಕಿನಲ್ಲಿ ಕಾಲುಭಾಗ ಖೋತಾ. ನಾಲ್ಕೂ ಗೋಡೆ ಕಪ್ಪಾದರೆ ಅರ್ಧಕ್ಕಿಂತ ಹೆಚ್ಚು ಹೋಯಿತು. ಬಾಗಿಲು, ಬೀರು, ಪರದೆಗಳನ್ನು ಸೇರಿಸಿದರೆ ಅಂಕಿ ಸ್ವಲ್ಪ ಆಚೀಚೆ ಆಗಬಹುದು, ದಿಕ್ಕು ಬದಲಾಗುವುದಿಲ್ಲ. ‘ಒಂದೇ ಗೋಡೆ ತಾನೆ’ ಎಂಬ ಸಮಾಧಾನ ಈ ಲೆಕ್ಕದೆದುರು ನಿಲ್ಲುವುದಿಲ್ಲ.

ಬೆಳಕು ಧಾರಾಳವಾಗಿರುವ ಕಡೆ ಕಾಲುಭಾಗ ಹೋದರೆ ಹೋಗಲಿ ಎನ್ನಬಹುದಿತ್ತು. ನಮ್ಮ ನಗರಗಳ ಮನೆಗಳ ಸ್ಥಿತಿ ಹಾಗಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಮೂವತ್ತು–ನಲವತ್ತರ ಸೈಟೇ ದೊಡ್ಡದು. ಇಪ್ಪತ್ತು–ಮೂವತ್ತರಲ್ಲಿ ಮೂರು ಮಹಡಿ ಎಬ್ಬಿಸಿದ ಮನೆಗಳು ಸಾಲುಸಾಲಾಗಿವೆ. ಕಾಗದದಲ್ಲಿ ಸೆಟ್‌ಬ್ಯಾಕ್ ಇರುತ್ತದೆ, ಸ್ಥಳದಲ್ಲಿ ಪಕ್ಕದ ಮನೆಯ ಗೋಡೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಣ ಸೆಕೆಯ ಪ್ರದೇಶಗಳಲ್ಲಿ ಕಿಟಕಿ–ತೆರಪುಗಳ ವಿಸ್ತೀರ್ಣ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕೆನ್ನುತ್ತದೆ, ಕರಾವಳಿಯಂಥ ತೇವದ ಸೆಕೆಯ ಕಡೆ ಆರನೇ ಒಂದು ಭಾಗ. ಆ ಅಳತೆಗೆ ಸರಿಯಾಗಿ ಕಿಟಕಿ ಇಟ್ಟರೂ ಅದು ತೆರೆದುಕೊಳ್ಳುವುದು ಪಕ್ಕದ ಮನೆಯ ನೆರಳಿಗೆ. ಮೇಲಾಗಿ ಸೊಳ್ಳೆ ಪರದೆ, ಗ್ರಿಲ್ಲು, ಒಳಗಿನವರು ಕಾಣಬಾರದೆಂಬ ಎರಡು ಪದರ ಕರ್ಟನ್ನು. ನೆಲ ಮಹಡಿಯ ಹಾಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೇ ದೀಪ ಹಾಕಿಕೊಂಡು ಪತ್ರಿಕೆ ಓದಬೇಕಾದ ಮನೆಗಳು ಎಷ್ಟಿಲ್ಲ? ಇಷ್ಟೆಲ್ಲ ದಾಟಿ ಒಳಬಂದ ಅಷ್ಟಿಷ್ಟು ಬೆಳಕನ್ನೂ, ಕಿಟಕಿಯ ಎದುರಿಗಿದೆ, ಬಂದವರ ಕಣ್ಣಿಗೆ ಮೊದಲು ಬೀಳುತ್ತದೆ ಎಂಬ ಕಾರಣಕ್ಕೆ ಆರಿಸಿದ ಗೋಡೆಯ ಮೇಲೆ ಕಪ್ಪು ಕಲ್ಲು ಹೊದಿಸಿ ಕಳೆಯುತ್ತೇವೆ. ಕಿಟಕಿಯ ಎದುರಿನ ಗೋಡೆಯೇ ಬೆಳಕನ್ನು ಕೋಣೆಯ ಒಳಮೂಲೆಗಳಿಗೆ ತಿರುಗಿಸಿ ಕಳಿಸುವ ಗೋಡೆ ಎಂಬುದು ಇಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಕಲ್ಲು ನಮ್ಮ ನೆಲದ್ದೇ, ಕಲ್ಲಿನ ಜೊತೆ ಬದುಕಿದ ಜನ ನಾವು, ಈಗೇಕೆ ಬೇಡ ಎಂದು ಕೇಳಬಹುದು. ನಮ್ಮ ಹಿಂದಿನವರು ಕಲ್ಲನ್ನು ಎಲ್ಲಿ ಇಟ್ಟರು ಎಂದು ನೋಡಿದರೆ ಉತ್ತರ ಸಿಗುತ್ತದೆ. ಜಗಲಿಗೆ ಚಪ್ಪಡಿ, ಮೆಟ್ಟಿಲಿಗೆ ಸೈಜುಗಲ್ಲು, ನೆಲಕ್ಕೆ ಶಹಾಬಾದ್ ಅಥವಾ ಕಡಪ ಕಲ್ಲು, ಅಂಗಳದ ಅಂಚಿಗೆ, ತೊಟ್ಟಿಯ ಕಟ್ಟೆಗೆ, ಬಚ್ಚಲಿಗೆ ಕಲ್ಲು. ಕಾಲು ಸವೆಯುವಲ್ಲಿ, ನೀರು ಬೀಳುವಲ್ಲಿ, ಬಿಸಿಲು ಹೊಡೆಯುವಲ್ಲಿ ಕಲ್ಲು ದುಡಿಯಿತು. ಒಳಗೋಡೆಗೆ ಮಾತ್ರ ಸುಣ್ಣ. ಗೋಡೆಯನ್ನು ಕಲ್ಲಿನಿಂದಲೇ ಕಟ್ಟಿದ ಬಯಲುಸೀಮೆಯ ಮನೆಗಳಲ್ಲೂ ಒಳಗೆ ಗಾರೆ ಮೆತ್ತಿ ಸುಣ್ಣ ಬಳಿದರು. ಹಬ್ಬ ಬಂತೆಂದರೆ, ಮದುವೆ ನಿಶ್ಚಯವಾಯಿತೆಂದರೆ ಮತ್ತೆ ಬಳಿದರು. ಕಪ್ಪು, ಕೆಮ್ಮಣ್ಣಿನ ಬಣ್ಣಗಳು ಬಂದದ್ದು ಗೋಡೆಯ ಬುಡದ ಎರಡು ಮೂರಡಿಗೆ: ಬೆನ್ನು ಆನಿಸಿ ಕೂರುವ, ಮಕ್ಕಳ ಕೈ ತಾಗುವ, ನೆಲ ಒರೆಸುವಾಗ ಕೊಳೆ ಸಿಡಿಯುವ ಭಾಗಕ್ಕೆ. ಸರ್ಕಾರಿ ಶಾಲೆಗಳ ಗೋಡೆಗಳಲ್ಲಿ ಇದೇ ಪದ್ಧತಿ ಇವತ್ತಿಗೂ ಉಳಿದಿದೆ. ಕೆಳಗೆ ಗಾಢ, ಮೇಲೆ ತಿಳಿ ಎಂಬ ಈ ವಿಂಗಡಣೆಯಲ್ಲಿ ಕೊಳೆಯ ಲೆಕ್ಕವೂ ಇತ್ತು, ಬೆಳಕಿನ ಲೆಕ್ಕವೂ ಇತ್ತು.

ಮಲೆನಾಡಿನ ಹಳೆಯ ಮನೆಗಳು ಒಳಗೆ ಕತ್ತಲಾಗಿರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು, ಇದ್ದವು. ಜಡಿಮಳೆಯನ್ನು ತಡೆಯಲು ಸೂರು ಕೆಳಕ್ಕಿಳಿಯಬೇಕಿತ್ತು, ಕಿಟಕಿ ಚಿಕ್ಕದಿರಬೇಕಿತ್ತು, ಅಡುಗೆ ಒಲೆಯ ಹೊಗೆ ಜಂತಿಗೆ ಮಸಿ ಹಿಡಿಸುತ್ತಿತ್ತು. ಆ ಕತ್ತಲೆ ಮಳೆಗೆ ತೆತ್ತ ಬೆಲೆ. ಅಂದಕ್ಕೆಂದು ಬಯಸಿ ತಂದದ್ದಲ್ಲ. ಅದನ್ನು ತೂಗಿಸಲೆಂದೇ ಮನೆಯ ನಡುವೆ ಅಂಗಳವಿತ್ತು, ಮುಂದೆ ಉದ್ದನೆಯ ಜಗಲಿಯಿತ್ತು. ಅಡಿಕೆ ಸುಲಿಯುವುದು, ಅಕ್ಕಿ ಆರಿಸುವುದು, ಮಕ್ಕಳ ಮಗ್ಗಿ, ನೆಂಟರ ಮಾತು ಎಲ್ಲ ಅಲ್ಲೇ ನಡೆಯುತ್ತಿತ್ತು. ಒಳಕೋಣೆ ನಿದ್ದೆಗೆ, ಬಾಣಂತನಕ್ಕೆ, ದಾಸ್ತಾನಿಗೆ. ಇಂದಿನ ಎರಡು ಕೋಣೆಯ ಫ್ಲಾಟಿನಲ್ಲಿ ಜಗಲಿಯೂ ಇಲ್ಲ, ತೊಟ್ಟಿಯೂ ಇಲ್ಲ; ದಿನವೆಲ್ಲ ಕಳೆಯಬೇಕಾದದ್ದು ಆ ಹಾಲ್‌ನಲ್ಲೇ. ಹಳೆಯ ಮನೆಯ ಕತ್ತಲೆಯನ್ನಷ್ಟೇ ಎತ್ತಿಕೊಂಡು ಅದರ ಅಂಗಳವನ್ನು ಬಿಟ್ಟುಬಂದರೆ ಪರಂಪರೆಯ ಹೆಸರು ಹೇಳುವಂತಿಲ್ಲ.

ಕರಿಗಲ್ಲಿನ ಸೌಂದರ್ಯವನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. 1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಂಡವರು ಬಳಪದ ಕಲ್ಲಿನ ಆ ಗಾಢ ಛಾಯೆಯನ್ನು ಮರೆಯಲಾರರು. ಆದರೆ ಅಲ್ಲಿ ಶಿಲ್ಪಿಯ ಜೊತೆ ಬಿಸಿಲೂ ಕೆಲಸ ಮಾಡಿದೆ. ಹೊರಗೋಡೆಯ ಮದನಿಕೆಯರ ಒಡವೆಯ ಎಳೆ ಎಳೆಯೂ ಕಾಣುವುದು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬಿದ್ದಾಗ, ಉಬ್ಬುತಗ್ಗಿನ ಒಂದು ಮಗ್ಗುಲು ಹೊಳೆದು ಇನ್ನೊಂದು ಮಗ್ಗುಲಿಗೆ ನೆರಳು ಕಟ್ಟಿದಾಗ. ಮೊದಲು ತೆರೆದಿದ್ದ ನವರಂಗಕ್ಕೆ ಮುಂದೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರದ ಗೋಡೆಗಳು ಬಂದವು. ಇವತ್ತು ಒಳಗಿನ ಛತ್ತಿನ ಕೆತ್ತನೆಯನ್ನು ಚೆನ್ನಾಗಿ ನೋಡಬೇಕೆಂದರೆ ವಿದ್ಯುತ್ ದೀಪದ ಸಹಾಯ ಬೇಕು. ಗರ್ಭಗುಡಿಯಂತೂ ಕತ್ತಲೆಗೆಂದೇ ಕಟ್ಟಿದ್ದು. ಅಲ್ಲಿ ಮಂಗಳಾರತಿಯ ಒಂದು ಬೆಳಕಿನಲ್ಲಿ ಮೂರ್ತಿ ಕಾಣಿಸಿಕೊಳ್ಳಬೇಕು, ಭಕ್ತ ಐದು ನಿಮಿಷ ನಿಂತು ಹೊರಬರಬೇಕು. ಗುಡಿಯ ಕತ್ತಲೆಗೆ ಹೀಗೊಂದು ಉದ್ದೇಶವಿದೆ, ಅವಧಿಯಿದೆ. ಸೊಪ್ಪು ಸೋಸಬೇಕಾದ, ಹೋಂವರ್ಕ್ ಮಾಡಬೇಕಾದ, ಸೂಜಿಗೆ ದಾರ ಪೋಣಿಸಬೇಕಾದ ಮನೆಗೆ ಆ ಉದ್ದೇಶವೂ ಇಲ್ಲ, ಆ ಅವಧಿಯೂ ಸಾಲದು.

ನಮ್ಮದೇ ಕರಿಗಲ್ಲು ಪರದೇಶದಲ್ಲಿ ಗೋಡೆಯಾಗಿ ನಿಂತ ಉದಾಹರಣೆಯೂ ಒಂದಿದೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ 1982ರಲ್ಲಿ ಲೋಕಾರ್ಪಣೆಯಾದ ವಿಯೆಟ್ನಾಂ ಯುದ್ಧ ಸ್ಮಾರಕಕ್ಕೆ ಹೋದ ಕಪ್ಪು ಗ್ರಾನೈಟ್ ಬೆಂಗಳೂರು ಕಡೆಯದು. ವಿನ್ಯಾಸ ಮಾಡಿದ ಮಾಯಾ ಲಿನ್ ಆಗಿನ್ನೂ ವಿದ್ಯಾರ್ಥಿನಿ. ಕನ್ನಡಿಯಂತೆ ಪಾಲಿಶ್ ಮಾಡಿದ ಆ ಗೋಡೆಯ ಮೇಲೆ ಮಡಿದ ಅಥವಾ ಕಾಣೆಯಾದ 58,000ಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಎದುರು ನಿಂತವರ ಮುಖ ಆ ಹೆಸರುಗಳ ನಡುವೆ ಪ್ರತಿಬಿಂಬಿಸುತ್ತದೆ. ಜಗತ್ತಿನಲ್ಲಿ ಇಷ್ಟು ಪರಿಣಾಮಕಾರಿಯಾದ ಕಪ್ಪು ಕಲ್ಲಿನ ಗೋಡೆಗಳು ಹೆಚ್ಚಿಲ್ಲ. ಆ ಪರಿಣಾಮಕ್ಕೆ ಎರಡು ಕಾರಣಗಳಿವೆ. ಗೋಡೆಯ ಮೇಲೆ ಛಾವಣಿಯಿಲ್ಲ, ಇಡೀ ಆಕಾಶದ ಬೆಳಕು ಅದರ ಮೇಲೆ ಬೀಳುತ್ತದೆ. ಎರಡನೆಯದಾಗಿ, ಅದು ಶೋಕಕ್ಕೆಂದು ಕಟ್ಟಿದ್ದು. ಕರ್ನಾಟಕ, ಆಂಧ್ರಗಳ ಕಪ್ಪು ಗ್ರಾನೈಟ್ ಹೊರದೇಶಗಳಲ್ಲಿ ಸಮಾಧಿಕಲ್ಲುಗಳಿಗೆ ಬೇಡಿಕೆ ಗಳಿಸಿದ್ದರ ಹಿಂದೆಯೂ ಇದೇ ಗಾಂಭೀರ್ಯವಿದೆ. ಬಯಲಿನ ಬೆಳಕಿನಲ್ಲಿ ಗಂಭೀರವಾಗಿ ಕಾಣುವ ಕಲ್ಲು ಟ್ಯೂಬ್‌ಲೈಟಿನ ಕೆಳಗೆ ಮಂಕಾಗಿ ಕಂಡರೆ ಆಶ್ಚರ್ಯವಿಲ್ಲ.

ಶೋರೂಮಿನಲ್ಲಿ ಅದು ಮಂಕಾಗಿ ಕಾಣುವುದಿಲ್ಲವಲ್ಲ ಎಂಬುದು ನ್ಯಾಯವಾದ ಪ್ರಶ್ನೆ. ಅಲ್ಲಿ ಮಾದರಿ ಪ್ಯಾನೆಲ್ಲಿನ ನೆತ್ತಿಗೆ, ಗೋಡೆಯಿಂದ ಅರ್ಧ ಅಡಿಯಷ್ಟೇ ಮುಂದೆ, ಸ್ಪಾಟ್ ಲೈಟ್ ಇಟ್ಟಿರುತ್ತಾರೆ. ಬೆಳಕು ಗೋಡೆಯನ್ನು ಸವರಿಕೊಂಡು ಕೆಳಗಿಳಿಯುವುದರಿಂದ ಪ್ರತಿ ಉಬ್ಬಿನ ಕೆಳಗೂ ನೆರಳು ಬಿದ್ದು ಕಲ್ಲಿನ ಒರಟುತನ ಎದ್ದುಕಾಣುತ್ತದೆ. ಅದೇ ಪ್ಯಾನೆಲ್ಲು ಮನೆಗೆ ಬಂದು, ಎದುರು ಗೋಡೆಯ ಟ್ಯೂಬ್‌ಲೈಟ್ ನೇರವಾಗಿ ಮುಖಕ್ಕೆ ಹೊಡೆದಾಗ ನೆರಳುಗಳೆಲ್ಲ ಅಳಿಸಿಹೋಗುತ್ತವೆ. ಉಳಿಯುವುದು ಒಂದು ಕರಿ ಚೌಕ. ಚಿತ್ರ ಅಚ್ಚಾದ ಶೀಟಿನಲ್ಲಿ ಇನ್ನೊಂದು ತೊಡಕು. ಕಲ್ಲಿನ ಫೋಟೊ ತೆಗೆದಾಗ ಬೆಳಕು ಯಾವ ಕಡೆಯಿಂದ ಬಂದಿತ್ತೋ ನೆರಳು ಶಾಶ್ವತವಾಗಿ ಅದರ ಎದುರು ಕಡೆಗೆ ಅಚ್ಚಾಗಿರುತ್ತದೆ. ಮನೆಯ ಕಿಟಕಿ ಬಲಕ್ಕಿದ್ದು ಚಿತ್ರದ ನೆರಳೂ ಬಲಕ್ಕೇ ಬಿದ್ದಿದ್ದರೆ, ಏನೋ ಸರಿಯಿಲ್ಲ ಎಂದು ಕಣ್ಣಿಗೆ ಗೊತ್ತಾಗುತ್ತದೆ, ಏನೆಂದು ಬಾಯಿಗೆ ಬರುವುದಿಲ್ಲ. ಎಂಟಡಿ–ನಾಲ್ಕಡಿಯ ಎರಡು ಶೀಟು ಜೋಡಿಸಿದ ಕಡೆ ಅದೇ ಬಿರುಕು, ಅದೇ ಬಿಳಿ ಗೆರೆ ನಾಲ್ಕಡಿಗೊಮ್ಮೆ ಮರುಕಳಿಸುವುದನ್ನೂ ನೋಡಬಹುದು. ಆಗ ಸರಿಪಡಿಸಲೆಂದು ಫಾಲ್ಸ್ ಸೀಲಿಂಗಿನಲ್ಲಿ ಪ್ರೊಫೈಲ್ ಲೈಟು, ಪ್ಯಾನೆಲ್ಲಿನ ಹಿಂದೆ ಎಲ್‌ಇಡಿ ಪಟ್ಟಿ, ಇಕ್ಕೆಲಗಳಲ್ಲಿ ಗೋಡೆದೀಪ ಬರುತ್ತವೆ. ಬೆಳಕು ತಿನ್ನುವ ಗೋಡೆಗೆ ಬೆಳಕು ಉಣಿಸುವ ಖರ್ಚು ಅಲ್ಲಿಂದ ಶುರು.

ಎಲ್‌ಇಡಿ ಎಷ್ಟು ಮಹಾ ಕರೆಂಟು ಉರಿಸುತ್ತದೆ ಎಂಬ ಆಕ್ಷೇಪಕ್ಕೆ ಈಗ ಬಲ ಹೆಚ್ಚು. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್‌ವರೆಗೆ, ಹಿಂದಿನ ಬಳಕೆಯ ಸರಾಸರಿಗೆ ತಕ್ಕಂತೆ, ಬಿಲ್ಲೇ ಬರುವುದಿಲ್ಲ. ಹಗಲಲ್ಲಿ ನಾಲ್ಕು ದೀಪ ಉರಿದರೆ ಜೇಬಿಗೆ ತಟ್ಟುವುದಿಲ್ಲ ಎಂಬುದು ನಿಜ. ಆದರೆ ಹಗಲ ಬೆಳಕಿನ ಬೆಲೆ ಕರೆಂಟು ಬಿಲ್ಲಿನಲ್ಲಿ ಪೂರ್ತಿ ಕಾಣುವುದಿಲ್ಲ. ಮನೆಯ ದೀಪಗಳು ಕೊಡುವುದು ನೂರರಿಂದ ಮುನ್ನೂರು ಲಕ್ಸ್. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ನಿದ್ದೆ, ಎಚ್ಚರ, ಹಸಿವಿನ ವೇಳೆಯನ್ನು ಹೊಂದಿಸುವ ದೇಹದ ಗಡಿಯಾರ ಕಣ್ಣಿನ ಮೂಲಕ ಬರುವ ಈ ಹಗಲ ಬೆಳಕಿನಿಂದಲೇ ಸಮಯ ತಿಳಿಯುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಹದದ ದೀಪದಲ್ಲಿ ಕೂತವರಿಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ವಿದ್ಯುತ್ ಯಾರ ಲೆಕ್ಕದಲ್ಲೇ ಇರಲಿ, ಪುಕ್ಕಟೆ ಸಿಗುವ ಸೂರ್ಯನನ್ನು ಗೋಡೆಗೆ ಉಣಿಸಿ ಸ್ವಿಚ್ಚು ಒತ್ತುವುದರಲ್ಲಿ ಅರ್ಥವಿಲ್ಲ.

ನಮ್ಮ ಮನೆ, ನಮ್ಮ ದುಡ್ಡು, ನಮ್ಮ ಅಭಿರುಚಿ, ಇದರಲ್ಲಿ ಬೇರೆಯವರಿಗೇನು ಎನ್ನುವವರ ಮಾತು ತೂಕದ್ದೇ. ಆದರೆ ‘ನಮ್ಮ’ ಎಂದರೆ ಮನೆಯಲ್ಲಿ ಯಾರು ಯಾರು ಎಂಬುದನ್ನೂ ನೋಡಬೇಕು. ವಿನ್ಯಾಸ ಒಪ್ಪುವವರು ಹೆಚ್ಚಾಗಿ ಬೆಳಿಗ್ಗೆ ಆಫೀಸಿಗೆ ಹೋಗಿ ರಾತ್ರಿ ಬರುವವರು. ಅವರು ಆ ಗೋಡೆಯನ್ನು ನೋಡುವುದು ರಾತ್ರಿ, ಎಲ್ಲ ಅಲಂಕಾರ ದೀಪಗಳ ಜೊತೆ, ಎರಡು ಮೂರು ಗಂಟೆ. ಹಗಲಿಡೀ ಅದರೆದುರು ಇರುವವರು ಮನೆಯಲ್ಲಿ ಉಳಿಯುವ ಹೆಂಗಸರು, ವಯಸ್ಸಾದ ತಂದೆತಾಯಿ, ಶಾಲೆಯಿಂದ ಮರಳುವ ಮಕ್ಕಳು. ಅರವತ್ತು ದಾಟಿದವರ ಕಣ್ಣಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಒಳಪೊರೆಯನ್ನು ತಲುಪುವ ಬೆಳಕು ಇಪ್ಪತ್ತರ ವಯಸ್ಸಿನವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಗನಿಗೆ ಹಿತವಾದ ಮಬ್ಬು ಅಮ್ಮನಿಗೆ ಕತ್ತಲೆ. ಮೆಟ್ಟಿಲ ಪಕ್ಕದ ಗೋಡೆ ಕಪ್ಪು, ಮೆಟ್ಟಿಲೂ ಕಪ್ಪು ಗ್ರಾನೈಟ್ ಆಗಿದ್ದರೆ ಅಂಚೆಲ್ಲಿ ಎಂದು ಗುರುತಿಸಲು ಅವರು ತಡಕಾಡಬೇಕಾಗುತ್ತದೆ; ಆ ವಯಸ್ಸಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅಭಿರುಚಿಯ ಸ್ವಾತಂತ್ರ್ಯವನ್ನು ಒಪ್ಪೋಣ. ಆದರೆ ನಿರ್ಧಾರ ಒಬ್ಬರದು, ಅನುಭವಿಸುವವರು ಇನ್ನೊಬ್ಬರು ಎಂದಾಗಬಾರದು.

ಕಪ್ಪು ಗೋಡೆಯ ಪರವಾಗಿ ಇನ್ನೂ ಎರಡು ಮಾತು ಕೇಳಿಬರುತ್ತವೆ: ಕೊಳೆ ಕಾಣುವುದಿಲ್ಲ, ಮತ್ತೆ ಮತ್ತೆ ಪೇಂಟು ಬಳಿಯಬೇಕಿಲ್ಲ. ಮೊದಲನೆಯದು ಅರ್ಧ ನಿಜ. ಎಣ್ಣೆಯ ಜಿಡ್ಡು, ಕೈಗುರುತು ಕಪ್ಪಿನಲ್ಲಿ ಅಡಗುತ್ತವೆ. ಆದರೆ ನಮ್ಮ ಊರುಗಳ ಧೂಳು ಬಿಳಿಚು ಬಣ್ಣದ್ದು, ಅದು ಕಪ್ಪಿನ ಮೇಲೇ ಎದ್ದುಕಾಣುತ್ತದೆ. ಪದರ ಪದರವಾಗಿ ಜೋಡಿಸಿದ ಕಲ್ಲಿನ ಮಾದರಿಯ ಪ್ಯಾನೆಲ್ಲಿನಲ್ಲಿ ಪ್ರತಿ ಅಂಚೂ ಧೂಳಿಗೆ ಕಟ್ಟಿದ ಜಗಲಿ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಬಾತ್‌ರೂಮಿನ ಕಪ್ಪು ಟೈಲ್ಸ್ ಕೆಲವೇ ತಿಂಗಳಲ್ಲಿ ಬಿಳಿ ಕಲೆಗಳಿಂದ ತುಂಬುವುದನ್ನು ಗುಡಿಸಿ ಒರೆಸುವವರು ಬಲ್ಲರು. ಇನ್ನು ಪೇಂಟಿನ ಮಾತು. ಬೇಸರವಾದರೆ ಬಣ್ಣದ ಗೋಡೆಗೆ ಒಂದು ದಿನದಲ್ಲಿ ಹೊಸ ಬಣ್ಣ ಬಳಿಯಬಹುದು. ಅಂಟು ಹಾಕಿ ಕೂರಿಸಿದ ಶೀಟನ್ನು ಕೀಳಹೊರಟರೆ ಪುಟ್ಟಿ, ಒಮ್ಮೊಮ್ಮೆ ಪ್ಲಾಸ್ಟರೂ ಜೊತೆಗೇ ಬರುತ್ತದೆ. ಹೊಣೆಗಾರಿಕೆಯಿಂದ ಹೇಳಬೇಕಾದ ಇನ್ನೊಂದು ಮಾತು: ಕಪ್ಪು ಗೋಡೆಯಿಂದ ಕೋಣೆ ಸೆಕೆಯಾಗುತ್ತದೆ ಎಂಬ ದೂರು ಒಳಗೋಡೆಯ ಮಟ್ಟಿಗೆ ಉತ್ಪ್ರೇಕ್ಷೆ. ಬಿಸಿಲು ನೇರ ಬೀಳುವ ಹೊರಗೋಡೆಗೆ ಮಾತ್ರ ಆ ಮಾತು ಸಲ್ಲುತ್ತದೆ. ಆಕ್ಷೇಪವನ್ನು ಸುಳ್ಳು ಕಾರಣಗಳಿಂದ ಬಲಪಡಿಸುವ ಅಗತ್ಯವಿಲ್ಲ.

ಬೆಳಕಿನ ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ ವಸ್ತುವಿನ ಬಗ್ಗೆ ಎರಡು ಎಚ್ಚರಿಕೆ ಇಲ್ಲಿ ಸೇರಬೇಕು. ಮೊದಲನೆಯದು ತೇವ. ತೇವ ಏರಿದ ಗೋಡೆಯಲ್ಲಿ ಬಣ್ಣ ಉಬ್ಬಿ, ಉಪ್ಪು ಬಿಟ್ಟು, ಮನೆಯವರನ್ನು ಎಚ್ಚರಿಸುತ್ತದೆ. ಅದೇ ಗೋಡೆಗೆ ಪ್ಲಾಸ್ಟಿಕ್ ಹೊದಿಸಿದರೆ ತೇವ ಹೊರಬರಲಾಗದೆ ಹಿಂದೆಯೇ ಬೂಷ್ಟು ಬೆಳೆಯುತ್ತದೆ, ಮರದ ಪಟ್ಟಿ ಇದ್ದರೆ ಗೆದ್ದಲು ಸೇರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಒಂದೇ ಮಳೆಗಾಲ ಸಾಕು. ಎರಡನೆಯದು ಬೆಂಕಿ. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್, ಪಾಲಿಯುರೆಥೇನ್ ಉರಿದರೆ ಹೈಡ್ರೋಜನ್ ಸೈನೈಡ್ ಹೊಗೆಯಲ್ಲಿ ಸೇರುತ್ತದೆ. 2010ರ ಫೆಬ್ರುವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ಗೋಡೆಯ ಅಲಂಕಾರದಿಂದಲ್ಲ, ವಿದ್ಯುತ್ ಕೇಬಲ್ಲುಗಳ ಮಾರ್ಗದಲ್ಲಿ ಹುಟ್ಟಿದ ಬೆಂಕಿಯಿಂದ. ಆದರೆ ಬೆಂಕಿಗಿಂತ ಮೊದಲು ಹೊಗೆ ಜೀವ ತೆಗೆಯುತ್ತದೆ ಎಂಬುದನ್ನು ಆ ದುರಂತ ನಗರಕ್ಕೆ ತೋರಿಸಿಕೊಟ್ಟಿತು. ನಕಲಿಯಿಂದ ನಮ್ಮ ಬೆಟ್ಟಗುಡ್ಡಗಳು ಉಳಿಯುತ್ತವೆ ಎಂಬ ಪರಿಸರದ ವಾದವೂ ಅರ್ಧ ದಾರಿಗೆ ನಿಲ್ಲುತ್ತದೆ. ಈ ಶೀಟುಗಳಲ್ಲಿರುವುದು ಪ್ಲಾಸ್ಟಿಕ್ಕಿನ ಜೊತೆ ಸುಣ್ಣಕಲ್ಲಿನ ಪುಡಿಯೇ. ಕಿತ್ತು ಬಿಸಾಡಿದ ಮೇಲೆ ಕಸದ ಗುಡ್ಡ ಸೇರುತ್ತವೆ. ಹಳೆಯ ಮನೆ ಕೆಡವಿದಾಗ ಸಿಗುವ ಚಪ್ಪಡಿಗಾದರೆ ಮಾರನೆಯ ದಿನವೇ ಗಿರಾಕಿ ಇರುತ್ತಾನೆ.

ಹಾಗಾದರೆ ಕರಿಗಲ್ಲಿನ ನೋಟಕ್ಕೆ ಮನೆಯಲ್ಲಿ ಜಾಗವೇ ಇಲ್ಲವೇ? ಖಂಡಿತ ಇದೆ. ಬೆಳಕು ಮಿಗುವ ಕಡೆಗಳಲ್ಲಿ ಅದು ಚೆನ್ನಾಗಿಯೇ ಒಪ್ಪುತ್ತದೆ. ಆಕಾಶಕ್ಕೆ ತೆರೆದ ಬಾಲ್ಕನಿ, ಪೋರ್ಟಿಕೊ, ಮಹಡಿ ಮೆಟ್ಟಿಲ ಮೇಲೆ ಗಾಜಿನ ಛಾವಣಿಯಿದ್ದರೆ ಅದರಡಿಯ ಎರಡು ಅಂತಸ್ತಿನ ಗೋಡೆ, ಇವುಗಳಲ್ಲಿ ಮೇಲಿನಿಂದ ಬೆಳಕು ಸವರಿಕೊಂಡು ಇಳಿಯುವುದರಿಂದ ಕಲ್ಲಿನ ಒರಟುತನ ದಿನದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಎರಡು ಕಡೆ ದೊಡ್ಡ ಕಿಟಕಿಯಿದ್ದು ಮಧ್ಯಾಹ್ನದ ಬೆಳಕು ಕಣ್ಣು ಕುಕ್ಕುವ ಹಾಲ್‌ನಲ್ಲಿ ಒಂದು ಗಾಢ ಗೋಡೆ ಹಿತವೆನಿಸಬಹುದು. ಸಿನಿಮಾ ನೋಡಲೆಂದೇ ಮೀಸಲಾದ ಕೋಣೆಗೆ ಕಪ್ಪು ಗೋಡೆ ಸರಿಯಾದ ಆಯ್ಕೆ. ಪರದೆಯ ಬೆಳಕು ಪುಟಿದು ಚಿತ್ರವನ್ನು ಮಂಕಾಗಿಸದಂತೆ ಅದು ತಡೆಯುತ್ತದೆ. ಇಕ್ಕಟ್ಟಿನ ಮನೆಯಲ್ಲೂ ಆಸೆ ಬಿಡದವರಿಗೆ ಹಳೆಯ ಪದ್ಧತಿಯೇ ದಾರಿ ತೋರುತ್ತದೆ: ಬುಡದ ಮೂರಡಿಗೆ ಕರಿಗಲ್ಲಿನ ಲೇಪ, ಮೇಲೆ ತಿಳಿಬಣ್ಣ. ಮೊದಲು ಲೆಕ್ಕ ಹಾಕಿದ ಕೋಣೆಯಲ್ಲಿ ಆ ಒಂದು ಗೋಡೆಯ ಬುಡಕ್ಕಷ್ಟೇ ಹೀಗೆ ಮಾಡಿದರೆ ಕಪ್ಪಾಗುವುದು 36 ಚದರ ಅಡಿ, ಬೆಳಕಿನಲ್ಲಿ ಆಗುವ ನಷ್ಟ ನೂರಕ್ಕೆ ಹತ್ತರ ಒಳಗೇ ಉಳಿಯುತ್ತದೆ. ಕಿಟಕಿಯಿರುವ ಗೋಡೆ ಹೇಗೂ ಹೊರಗಿನ ಬೆಳಕಿನೆದುರು ಮಬ್ಬಾಗಿ ಕಾಣುವುದರಿಂದ, ಗಾಢ ಬಣ್ಣ ಬೇಕೇಬೇಕೆಂದರೆ ಎದುರು ಗೋಡೆಗಿಂತ ಅದು ಮೇಲು.

ನಿರ್ಧರಿಸುವ ಮೊದಲು ಮಾಡಬೇಕಾದ ಪರೀಕ್ಷೆಗೆ ಕಾಸು ಖರ್ಚಿಲ್ಲ. ಪ್ಯಾನೆಲ್ಲಿನ ಬದಲು ಅದೇ ಗಾತ್ರಕ್ಕೆ ಕಪ್ಪು ಬಟ್ಟೆಯನ್ನು ಆ ಗೋಡೆಗೆ ಇಳಿಬಿಟ್ಟು, ದೀಪ ಹಾಕದೆ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಮನೆಯ ಹಿರಿಯರನ್ನು ಅಲ್ಲಿ ಕೂರಿಸಿ ಪತ್ರಿಕೆ ಓದಲು ಹೇಳಿದರೆ ಸಾಕು. ವ್ಯಾಪಾರಿಗಳ ಕಡೆಯಿಂದಲೂ ಒಂದು ಬದಲಾವಣೆ ಆಗಬೇಕು. ಅನೇಕ ದೇಶಗಳಲ್ಲಿ ಬಣ್ಣದ ಕಂಪನಿಗಳು ಶೇಡ್ ಕಾರ್ಡಿನಲ್ಲಿ ಪ್ರತಿ ಬಣ್ಣದ ಪಕ್ಕ ಅದು ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ ಅಂಕಿಯನ್ನು ಅಚ್ಚು ಹಾಕುತ್ತವೆ. ಕಲ್ಲಿನ ನೋಟದ ಶೀಟು, ಪ್ಯಾನೆಲ್ಲು, ಟೈಲ್ಸ್ ಮಾರುವವರೂ ಚದರ ಅಡಿಯ ದರದ ಜೊತೆಗೆ ಈ ಅಂಕಿಯನ್ನು, ಬೆಂಕಿ ತಾಳುವ ದರ್ಜೆಯನ್ನು ಕೊಡಲಿ. ಕೊಡದಿದ್ದರೆ ಗಿರಾಕಿ ಕೇಳಲಿ. ಫ್ರಿಜ್ಜಿನ ನಕ್ಷತ್ರ ನೋಡದೆ ಕೊಳ್ಳದ ಮಧ್ಯಮ ವರ್ಗ ನಮ್ಮದು. ಹತ್ತು ಹದಿನೈದು ವರ್ಷ ಎದುರಿಗಿಟ್ಟುಕೊಳ್ಳುವ ಗೋಡೆಯ ಬಗ್ಗೆ ಅಷ್ಟು ಕೇಳುವುದು ಹೆಚ್ಚೇನಲ್ಲ. ಅಂಕಿ ನೋಡಿ, ಬೆಳಕು ಮಿಗುತ್ತದೆ ಎಂದು ಖಾತ್ರಿಯಾದರೆ ಕರಿಗಲ್ಲನ್ನು ಧಾರಾಳವಾಗಿ ಹೊದಿಸಿ; ಮಿಗುವುದಿಲ್ಲ ಎಂದಾದರೆ ಆ ಹಣದಲ್ಲಿ ಕಿಟಕಿಯನ್ನು ಒಂದಡಿ ಅಗಲ ಮಾಡಿಸಿ.